ಮೊಲದ ಮರಿಯ ಮೊದಲ ತುತ್ತು

ಸಂತೆಯಿಂದ ಮೊಲದ ಮರಿಯೊಂದನ್ನು ಮನೆಗೆ ತಂದವರ ಅನುಭವ ಬಹುಮಟ್ಟಿಗೆ ಒಂದೇ ಬಗೆಯದು. ಮರಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅರಳೆಯ ಉಂಡೆಯಂತೆ ಮೃದು. ಮಕ್ಕಳು ಅದರ ಸುತ್ತ ಕುಳಿತು ಗಜ್ಜರಿಯ ತುಂಡು, ಬ್ರೆಡ್ಡು, ಬಿಸ್ಕತ್ತು, ಹಸುವಿನ ಹಾಲು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ನೀಡುತ್ತಾರೆ. ಮರಿಯೂ ಬೇಡವೆನ್ನದೆ ತಿನ್ನುತ್ತದೆ. ಎರಡು ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಅದು ಮೂಲೆಯಲ್ಲಿ ಮುದುಡಿಕೊಂಡು, ಹೊಟ್ಟೆಯುಬ್ಬಿಸಿಕೊಂಡು, ಹಲ್ಲು ಕಡಿಯುತ್ತ ಕುಳಿತಿರುವುದು ಕಾಣುತ್ತದೆ. ನೀರಿನಂಥ ಭೇದಿ ತೊಡಗುತ್ತದೆ. ಮರುದಿನ ಬೆಳಗ್ಗೆ ಮರಿ ಸತ್ತಿರುತ್ತದೆ. ದೃಷ್ಟಿ ತಗಲಿತೆಂದು ಹಿರಿಯರು ಹೇಳುತ್ತಾರೆ. ಮೊಲ ಬಲು ನಾಜೂಕಾದ ಪ್ರಾಣಿಯೆಂದು ಮಾರಿದವನು ಹೇಳುತ್ತಾನೆ. ನಾವು ಬಾಲಕರಾಗಿದ್ದಾಗ ನಮ್ಮ ಮನೆಯಲ್ಲಿಯೂ ಎರಡು ಮರಿಗಳು ಹೀಗೆಯೇ ಸತ್ತವು. ಅವಕ್ಕೆ ಅಕ್ಕಿಯ ನುಚ್ಚನ್ನು ಮುಷ್ಟಿಗಟ್ಟಲೆ, ಅತ್ಯಂತ ಪ್ರೀತಿಯಿಂದ, ತಿನ್ನಿಸಿದವರು ನಾವೇ. ಆ ಪ್ರೀತಿಯೇ ಅವುಗಳ ಮರಣಕ್ಕೆ ಕಾರಣವಾಯಿತೆಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಹಾಲು ಕುಡಿಯುವ ಮರಿ ಹುಲ್ಲು ತಿನ್ನುವ ಪ್ರಾಣಿಯಾಗಿ ಮಾರ್ಪಡುವುದು ಎಲ್ಲ ಸಸ್ಯಾಹಾರಿ ಸ್ತನಿಗಳ ಬಾಳಿನಲ್ಲಿಯೂ ಒಂದು ಸಂಧಿಕಾಲ. ಆದರೆ ಮೊಲದಲ್ಲಿ ಈ ಮಾರ್ಪಾಟು ಎರಡು ಮೂರು ವಾರಗಳಷ್ಟು ಅಲ್ಪಾವಧಿಯಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ಮರಿಯ ಹೊಟ್ಟೆಯೊಳಗೆ ಏನೇನು ನಡೆಯುತ್ತದೆಂಬುದನ್ನು ತಿಳಿದರೆ, ಅದಕ್ಕೆ ಏನನ್ನು, ಯಾವಾಗ, ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ದೊರೆಯುತ್ತದೆ.

ಮೊದಲು ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಹೊಲಗದ್ದೆಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಓಡಾಡುವ ಮೊಲ ಬೇರೆ. ಗೂಡಿನಲ್ಲಿಟ್ಟು ಸಾಕುವ ಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಕಾಡುಮೊಲದ ಮರಿ ಮೈತುಂಬ ರೋಮವನ್ನು ಹೊತ್ತು, ಕಣ್ಣು ತೆರೆದುಕೊಂಡೇ, ಬಯಲಿನ ಹುಲ್ಲಿನ ಮರೆಯಲ್ಲಿ ಹುಟ್ಟುತ್ತದೆ. ಅದನ್ನು ಹಿಡಿದು ತಂದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ, ಬದುಕಿಸುವುದೂ ಕಷ್ಟ. ಸಾಕುಮೊಲವಾದರೋ ಯೂರೋಪಿನ ಬಿಲಮೊಲದ ಸಂತತಿ. ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಯದು. ಬಿಳಿ, ಕಪ್ಪು, ಬೂದು, ಉದ್ದ ರೋಮದ್ದು, ಜೋಲುಕಿವಿಯದು ಎಂದು ಎಷ್ಟು ತಳಿಗಳಿದ್ದರೂ ಎಲ್ಲವೂ ಆ ಒಂದೇ ಜಾತಿಗೆ ಸೇರಿದವು. ನಾವು ಇಲ್ಲಿ ಹೇಳಹೊರಟಿರುವುದು ಈ ಬಿಲಮೊಲದ ವಿಷಯ.

ಬಿಲಮೊಲದ ಗರ್ಭಾವಧಿ ಸುಮಾರು ೩೧ ದಿನಗಳು. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು, ಮೈಮೇಲೆ ರೋಮವಿಲ್ಲ. ತೂಕ ೫೦-೬೦ ಗ್ರಾಂ. ತಾಯಿಯ ತೂಕ ೪ ಕಿಲೋಗ್ರಾಂ ಎಂದಿಟ್ಟುಕೊಂಡರೆ ಅದು ಮರಿಗಿಂತ ಸುಮಾರು ೬೫ ಪಟ್ಟು ಭಾರ. ೬೫ರ ಘನಮೂಲ ನಾಲ್ಕಕ್ಕೆ ಬಲು ಸಮೀಪ. ಎಂದರೆ, ಒಂದೊಂದು ಗ್ರಾಂ ತೂಕಕ್ಕೆ ಮರಿಯ ಮೈಯ ಹೊರಮೈ ತಾಯಿಯದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಶಾಖ ಸೋರಿಹೋಗುವುದೂ ಅದೇ ಪ್ರಮಾಣದಲ್ಲಿ ಹೆಚ್ಚು. ತಾಯಿ ತನ್ನ ಎದೆ, ಹೊಟ್ಟೆಗಳ ರೋಮವನ್ನೇ ಕಿತ್ತು ಗೂಡಿಗೆ ಹಾಸುವುದೂ, ಮರಿಗಳು ಒಂದರೊಡನೊಂದು ಒತ್ತಿಕೊಂಡು ಮಲಗುವುದೂ ಈ ಲೆಕ್ಕವನ್ನು ಸರಿದೂಗಿಸುವುದಕ್ಕಾಗಿಯೇ.

ಇಷ್ಟು ಅಸಹಾಯವಾದ ಮರಿಗಳ ಬಳಿ ತಾಯಿ ಸದಾ ಇರಬಹುದೆಂದು ಯಾರಾದರೂ ಊಹಿಸಿಯಾರು. ನಿಜಸ್ಥಿತಿ ಇದಕ್ಕೆ ತೀರ ವಿರುದ್ಧ. ತಾಯಿಮೊಲ ದಿನಕ್ಕೆ ಸಾಮಾನ್ಯವಾಗಿ ಒಮ್ಮೆ ಮಾತ್ರ ಗೂಡಿಗೆ ಬರುತ್ತದೆ, ಮೂರು ನಾಲ್ಕು ನಿಮಿಷ ಹಾಲೂಡುತ್ತದೆ, ಹೊರಟುಹೋಗುತ್ತದೆ. ಕಾಡಿನಲ್ಲಿ ಹೋಗುವಾಗ ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚುವುದೂ ಉಂಟು. ಮರಿಗಳ ಬಳಿ ಸುಳಿದಾಡುತ್ತಿದ್ದರೆ ನರಿ, ಮುಂಗುಸಿಯ ಜಾತಿಯ ಬೇಟೆಗಾರ ಪ್ರಾಣಿಗಳಿಗೆ ವಾಸನೆಯ ಜಾಡು ಸಿಕ್ಕಿಬಿಡುತ್ತದೆ. ತಾಯಿ ಮರಿಗಳನ್ನು ತ್ಯಜಿಸಿತೆಂದು ಹೊಸದಾಗಿ ಮೊಲ ಸಾಕಿದವರು ಗಾಬರಿಗೊಂಡು ಬಾಟಲಿಯ ಹಾಲು ಕುಡಿಸಲು ಹೊರಡುವುದು ಈ ಸಂಗತಿ ತಿಳಿಯದಿರುವುದರಿಂದ. ಬೆಳಗ್ಗೆ ಮರಿಯ ಹೊಟ್ಟೆ ದುಂಡಗಿದ್ದರೆ ತಾಯಿ ರಾತ್ರಿ ಬಂದುಹೋಗಿದೆಯೆಂದೇ ಅರ್ಥ.

ಈ ಮೂರು ನಾಲ್ಕು ನಿಮಿಷಗಳಲ್ಲಿ ಮರಿ ತನ್ನ ತೂಕದ ಕಾಲು ಭಾಗದಷ್ಟು ಹಾಲನ್ನು ಕುಡಿದುಬಿಡಬಲ್ಲದು. ಕಣ್ಣಿಲ್ಲದ ಮರಿಗೆ ಮೊಲೆ ಇಷ್ಟು ಬೇಗ ಸಿಕ್ಕುವ ಬಗೆ ಹೇಗೆ? ಹಾಲಿನಿಂದಲೇ ಹೊಮ್ಮುವ ಒಂದು ವಾಸನೆಯ ವಸ್ತು ದಾರಿ ತೋರಿಸುತ್ತದೆಂದು ಫ್ರಾನ್ಸಿನ ಬೆನ್ವಾ ಶಾಲ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ತೋರಿಸಿಕೊಟ್ಟರು. ಅದು ಐದೇ ಕಾರ್ಬನ್ ಪರಮಾಣುಗಳುಳ್ಳ ಒಂದು ಸರಳ ಆಲ್ಡಿಹೈಡು. ಗಾಜಿನ ಕಡ್ಡಿಗೆ ಅದನ್ನು ಸವರಿ ಹಿಡಿದರೂ ಮರಿ ತಲೆ ಆಡಿಸುತ್ತ ಬಾಯಿಯಿಂದ ಹಿಡಿಯಲೆತ್ನಿಸುತ್ತದೆ.

ಈಗ ಹಾಲಿನ ವಿಷಯ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು ೪ ಭಾಗ ಕೊಬ್ಬು, ೩ಕ್ಕೆ ಸ್ವಲ್ಪ ಮೇಲ್ಪಟ್ಟು ಪ್ರೋಟೀನು, ೫ಕ್ಕೆ ಸಮೀಪ ಹಾಲಿನ ಸಕ್ಕರೆ ಇರುತ್ತವೆ. ಮೊಲದ ಹಾಲಿನಲ್ಲಾದರೋ ಕೊಬ್ಬು ೧೨-೧೩ ಭಾಗ, ಪ್ರೋಟೀನು ೧೦ರಿಂದ ೧೨ ಭಾಗ. ಸಕ್ಕರೆ ಮಾತ್ರ ಕೇವಲ ಒಂದೆರಡು ಭಾಗ. ಒಂದು ಗ್ರಾಂ ಮೊಲದ ಹಾಲಿನಲ್ಲಿ ಹೆಚ್ಚು ಕಡಮೆ ೨ ಕಿಲೋಕ್ಯಾಲರಿ ಶಕ್ತಿ ಅಡಗಿದೆ, ಹಸುವಿನದರ ಮೂರರಷ್ಟು. ದಿನಕ್ಕೊಮ್ಮೆ ಉಣ್ಣುವ ಪ್ರಾಣಿಯ ಬುತ್ತಿ ಹೀಗೆ ಗಟ್ಟಿಯಾಗಿರಲೇಬೇಕಷ್ಟೆ. ಹಸುವಿನ ಹಾಲನ್ನು ಮರಿಗೆ ಕುಡಿಸಿದಾಗ ಎರಡು ಬಗೆಯಲ್ಲಿ ತಪ್ಪಾಗುತ್ತದೆ: ಬೇಕಾದ ಕೊಬ್ಬು, ಪ್ರೋಟೀನುಗಳು ಸಾಲವು, ಬೇಡದ ಸಕ್ಕರೆ ಹೆಚ್ಚಾಗಿ ಕರುಳಿಗೆ ಇಳಿಯುತ್ತದೆ.

ತಾಯಿಯ ಹಾಲು ದಿನೇ ದಿನೇ ಹೆಚ್ಚುತ್ತ ಹೋಗಿ ಮೂರನೆಯ ವಾರದ ಕೊನೆಯ ಹೊತ್ತಿಗೆ ಶಿಖರವನ್ನು ಮುಟ್ಟುತ್ತದೆ. ದೊಡ್ಡ ತಳಿಯ ತಾಯಿ ಆಗ ದಿನಕ್ಕೆ ೨೦೦ರಿಂದ ೩೦೦ ಗ್ರಾಂ ಹಾಲನ್ನು ಕೊಡುತ್ತದೆ. ೨೫೦ ಗ್ರಾಂ ಎಂದಿಟ್ಟುಕೊಳ್ಳೋಣ. ಅದು ೫೦೦ ಕಿಲೋಕ್ಯಾಲರಿ ಆಯಿತು. ೪ ಕಿಲೋಗ್ರಾಂ ತೂಗುವ ಆ ತಾಯಿ ತನ್ನ ಸ್ವಂತ ದೇಹಧಾರಣೆಗಾಗಿ ವ್ಯಯಮಾಡುವ ಶಕ್ತಿಗಿಂತ ಹೆಚ್ಚು. ಇದನ್ನು ಎಂಟು ಮರಿಗಳು ಹಂಚಿಕೊಂಡರೆ ಒಂದೊಂದಕ್ಕೆ ೩೦ ಗ್ರಾಮಿಗೆ ಸ್ವಲ್ಪ ಮೇಲ್ಪಟ್ಟು ಸಿಕ್ಕಿತು. ಇಲ್ಲಿಂದ ಮುಂದೆ ಹಾಲು ಇಳಿಮುಖವಾಗುತ್ತದೆ. ತಾಯಿ ಮತ್ತೆ ಗರ್ಭ ಧರಿಸಿದ್ದರೆ ಇಳಿತ ಇನ್ನೂ ಕಡಿದು. ಬಿಲಮೊಲ ಹೆತ್ತ ಕೂಡಲೇ ಮತ್ತೆ ಕೂಡಬಲ್ಲದಾದುದರಿಂದ, ಕಾಡಿನಲ್ಲಿ ನಾಲ್ಕನೆಯ ವಾರದ ಕೊನೆಯಲ್ಲಿ ಮುಂದಿನ ಸೂಲು ಬಾಗಿಲಲ್ಲಿ ನಿಂತಿರುತ್ತದೆ. ಹಿಂದಿನ ಮರಿಗಳಿಗೆ ಹಾಲು ಥಟ್ಟನೆ ನಿಂತುಹೋಗುತ್ತದೆ. ಇತ್ತ ಮರಿಗಳ ತೂಕವೋ ಮೂರನೆಯ ವಾರದಿಂದ ಐದನೆಯ ವಾರದೊಳಗೆ ಎರಡು ಪಟ್ಟಿಗೂ ಮಿಕ್ಕುತ್ತದೆ. ಹಾಲಿನ ರೇಖೆ ಕೆಳಗಿಳಿಯುವುದನ್ನೂ ಹಸಿವಿನ ರೇಖೆ ಮೇಲೇರುವುದನ್ನೂ ಒಂದೇ ನಕ್ಷೆಯ ಹಾಳೆಯ ಮೇಲೆ ಗುರುತಿಸಿದರೆ ಅವು ಒಂದನ್ನೊಂದು ಕತ್ತರಿಸುವುದು ಈ ಮೂರನೆಯ ವಾರದ ಆಸುಪಾಸಿನಲ್ಲಿ. ಭೌತಶಾಸ್ತ್ರ ಬೋಧಿಸುವ ನಮಗೆ ಮೊಲದ ವಿಷಯದಲ್ಲಿ ಕುತೂಹಲ ಹುಟ್ಟಿಸಿದ್ದು ಈ ನಕ್ಷೆಯೇ.

ಮರಿಗಳಿಗೆ ಹತ್ತು ಹನ್ನೊಂದನೆಯ ದಿನ ಕಣ್ಣು ತೆರೆಯುತ್ತವೆ. ಹದಿನಾರರಿಂದ ಹದಿನೆಂಟನೆಯ ದಿನದ ಹೊತ್ತಿಗೆ ಗೂಡಿನಿಂದ ಹೊರಕ್ಕೆ ಇಣುಕಿ, ತಾಯಿ ತಿನ್ನುವುದನ್ನು ತಾವೂ ಮೂಸಿ ಕಡಿದು ನೋಡತೊಡಗುತ್ತವೆ. ೨೦ನೆಯ ದಿನ ತಿನ್ನುವುದು ಒಂದೆರಡು ಗ್ರಾಂ ಮಾತ್ರ. ೩೫ನೆಯ ದಿನದ ಹೊತ್ತಿಗೆ ಅದರ ಹತ್ತಿಪ್ಪತ್ತು ಪಟ್ಟು. ಅಲ್ಲಿಯವರೆಗೆ ದಿನಕ್ಕೆ ಒಂದೇ ಊಟವಿದ್ದ ಮರಿ ಈಗ ಹಗಲಿರುಳು ಸೇರಿ ೨೫-೩೦ ಬಾರಿ ತಿನ್ನುವುದನ್ನೂ ನೀರು ಕುಡಿಯುವುದನ್ನೂ ಕಲಿಯುತ್ತದೆ.

ಮರಿಯ ಮೊದಲ ಗಟ್ಟಿ ತುತ್ತು ಹುಲ್ಲೆಂದು ಮೇಲಿನ ಮಾತಿನಿಂದ ತೋರಬಹುದು. ಹಾಗಲ್ಲ. ಕಣ್ಣು ತೆರೆಯುವುದಕ್ಕಿಂತ ಮೊದಲೇ, ಎಂಟನೆಯ ಒಂಬತ್ತನೆಯ ದಿನದ ಸುಮಾರಿಗೆ, ಮರಿಗಳು ಗೂಡಿನೊಳಗೇ ಏನನ್ನೋ ಮೆಲ್ಲುತ್ತಿರುತ್ತವೆ. ಹಾಲೂಡಲು ಬಂದ ತಾಯಿ ಹೋಗುವಾಗ ಗೂಡಿನಲ್ಲಿ ಕೆಲವು ಹಿಕ್ಕೆಗಳನ್ನು ಬಿಟ್ಟುಹೋಗುತ್ತದೆ. ಮರಿಗಳು ಮೆಲ್ಲುವುದು ಅವನ್ನು. ಇದನ್ನು ಕೇಳಿ ಓದುಗರು ಮುಖ ಸಿಂಡರಿಸಬಹುದು. ಆದರೆ ಮರಿಯ ಭವಿಷ್ಯಕ್ಕೆ ಬೇಕಾದ ಎರಡು ವಸ್ತುಗಳು ಆ ಹಿಕ್ಕೆಗಳಲ್ಲಿವೆ. ಒಂದು, ತಾಯಿಯ ಕರುಳಿನ ಸೂಕ್ಷ್ಮಜೀವಿಗಳು. ಮತ್ತೊಂದು, ತಾಯಿ ತಿಂದ ಗಿಡಗಳ ವಾಸನೆ.

ಎರಡನೆಯದನ್ನು ಕುರಿತು ಹಂಗೆರಿಯಲ್ಲಿ ನಡೆದ ಒಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಆ ದೇಶದ ಮರಳುನೆಲದಲ್ಲಿ ಜುನಿಪರ್ ಎಂಬ ತೀಕ್ಷ್ಣ ವಾಸನೆಯ ಪೊದೆ ಬೆಳೆಯುತ್ತದೆ. ಅದರ ಪರಿಚಯವಿಲ್ಲದ ಮೊಲ ಅದನ್ನು ಮುಟ್ಟದು. ಬಿಲ್ಕೋ, ಆಲ್ಟ್‌ಬೆಕರ್, ಹಡ್ಸನ್ ಎಂಬ ವಿಜ್ಞಾನಿಗಳು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ಮಾತ್ರ ಜುನಿಪರನ್ನು ತಿನ್ನಿಸಲಾಯಿತು. ಮತ್ತೆ ಕೆಲವಕ್ಕೆ ಹಾಲೂಡುವಾಗ ಮಾತ್ರ. ಇನ್ನು ಕೆಲವು ಮರಿಗಳ ಗೂಡಿನಲ್ಲಿ ಜುನಿಪರ್ ತಿಂದ ಮೊಲದ ಹಿಕ್ಕೆಗಳನ್ನಷ್ಟೇ ಇರಿಸಲಾಯಿತು. ಮೂರು ಬಗೆಯ ಮರಿಗಳೂ ಹಾಲು ಬಿಟ್ಟ ಮೇಲೆ ಬೇರೆ ಮೇವಿಗಿಂತ ಜುನಿಪರನ್ನೇ ಆರಿಸಿಕೊಂಡವು. ಗರ್ಭ, ಹಾಲು, ಹಿಕ್ಕೆ, ಇವುಗಳಲ್ಲಿ ಯಾವ ಮೂಲಕವಾದರೂ ಸರಿಯೆ, ಈ ಗಿಡ ತಿನ್ನಲು ತಕ್ಕದ್ದೆಂಬ ಪಾಠ ಮರಿಗೆ ತಲುಪುತ್ತದೆ. ದಿನಕ್ಕೆ ನಾಲ್ಕು ನಿಮಿಷ ಮಾತ್ರ ಜೊತೆಯಲ್ಲಿರುವ ತಾಯಿ ಕಲಿಸುವ ಪಾಠ ಇದು! ಸಂತೆಯಿಂದ ಬಂದ ಮರಿಗಾದರೋ ನಾವು ನೀಡುವ ಬಿಸ್ಕತ್ತಿನ ವಿಷಯದಲ್ಲಿ ತಾಯಿಯಿಂದ ಯಾವ ಸೂಚನೆಯೂ ಬಂದಿರುವುದಿಲ್ಲ.

ಸೂಕ್ಷ್ಮಜೀವಿಗಳ ಮಾತು ಇನ್ನೂ ಮಹತ್ವದ್ದು. ೨೦೧೪ರಲ್ಲಿ ಪ್ರಕಟವಾದ ಫ್ರೆಂಚ್ ಸಂಶೋಧನೆಯೊಂದರಲ್ಲಿ ಕೆಲವು ಗೂಡುಗಳಿಂದ ತಾಯಿಯ ಹಿಕ್ಕೆಗಳನ್ನು ದಿನವೂ ತೆಗೆದುಹಾಕಿ, ಮರಿಗಳಿಗೆ ಅವು ಸಿಕ್ಕದಂತೆ ಮಾಡಲಾಯಿತು. ಆ ಮರಿಗಳ ಕರುಳಿನಲ್ಲಿ ಜೀವಿಗಳ ಸಮುದಾಯ ಬಲಿಯುವುದು ತಡವಾಯಿತು. ಹಿಕ್ಕೆ ತಿಂದ ಮರಿಗಳಲ್ಲಿ ಸಾವು ಕಡಮೆಯಾಗಿತ್ತು. ಮರಿಯ ರೋಗನಿರೋಧಕ ಶಕ್ತಿಯೂ ಈ ಜೀವಿಗಳನ್ನು ಅವಲಂಬಿಸಿದೆ. ಮೊಲದ ಅಪೆಂಡಿಕ್ಸ್ ಎಂಬ ಅವಯವದಲ್ಲಿ ಬಗೆಬಗೆಯ ಪ್ರತಿಕಾಯಗಳು ರೂಪುಗೊಳ್ಳಬೇಕಾದರೆ ಕೆಲವು ಬಗೆಯ ಬ್ಯಾಕ್ಟೀರಿಯಗಳು ಅಲ್ಲಿ ಇರಲೇಬೇಕೆಂದು ೨೦೦೪ರಲ್ಲಿ ಅಮೆರಿಕದ ಪ್ರಯೋಗಗಳು ತೋರಿಸಿದವು.

ಆದರೆ ಬ್ಯಾಕ್ಟೀರಿಯಗಳಲ್ಲಿ ಮಿತ್ರರಿರುವಂತೆ ಶತ್ರುಗಳೂ ಉಂಟು. ಬೆಳೆದ ಮೊಲದಲ್ಲಿ ಜಠರದ ಆಮ್ಲವೇ ದ್ವಾರಪಾಲಕ. ಅದರ ಪಿಎಚ್ ಮಾನ ೧ರಿಂದ ೨. ಅಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಬದುಕಿ ಮುಂದೆ ಸಾಗುವ ಜೀವಿಗಳು ವಿರಳ. ಹಾಲು ಕುಡಿಯುವ ಮರಿಯ ಜಠರದಲ್ಲಿ ಈ ಮಾನ ೫ರಿಂದ ೬.೫. ಅಂತರ ನಾಲ್ಕೇ ಎಂದು ತೋರುತ್ತದೆ. ಆದರೆ ಪಿಎಚ್ ಮಾನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟನ್ನು ಸೂಚಿಸುವುದರಿಂದ ಮರಿಯ ಜಠರದ ಆಮ್ಲ ತಾಯಿಯದಕ್ಕಿಂತ ಹತ್ತು ಸಾವಿರ ಪಟ್ಟು ದುರ್ಬಲ. ಹಾಗಿದ್ದರೂ ಹಾಲು ಕುಡಿಯುವ ಮರಿಯ ಜಠರದಲ್ಲಿ ಬ್ಯಾಕ್ಟೀರಿಯಗಳು ಬಲು ಕಡಮೆ. ಈ ಒಗಟನ್ನು ೧೯೬೬ರಲ್ಲಿ ಕಾನ್ಯಾಸ್-ರೊಡ್ರಿಗೇಸ್ ಮತ್ತು ಸ್ಮಿತ್ ಎಂಬುವರು ಬಿಡಿಸಿದರು. ತಾಯಿಹಾಲಿನ ಕೊಬ್ಬು ಮರಿಯ ಜಠರದಲ್ಲಿ ಒಡೆದಾಗ ಎಂಟು ಮತ್ತು ಹತ್ತು ಕಾರ್ಬನ್ ಪರಮಾಣುಗಳುಳ್ಳ ಎರಡು ಕೊಬ್ಬಿನ ಆಮ್ಲಗಳು ಬಿಡುಗಡೆಯಾಗುತ್ತವೆ. ಬ್ಯಾಕ್ಟೀರಿಯಗಳನ್ನು ತಡೆಯುವವು ಅವೇ. ಎಂದರೆ ಹಾಲು ಆಹಾರವೂ ಹೌದು, ಕಾವಲೂ ಹೌದು. ಹಾಲು ನಿಂತ ದಿನ ಕಾವಲೂ ನಿಲ್ಲುತ್ತದೆ. ಜಠರದ ಸ್ವಂತ ಆಮ್ಲವಾದರೋ ಇನ್ನೂ ಬಲಿತಿರುವುದಿಲ್ಲ. ನಾಲ್ಕನೆಯ ವಾರಕ್ಕೆ ಮುಂಚೆಯೇ ತಾಯಿಯಿಂದ ಬೇರ್ಪಡಿಸಿದ ಮರಿ ಈ ಎರಡು ಕಾವಲುಗಳ ನಡುವಣ ಬಯಲಿನಲ್ಲಿ ನಿಂತಿರುತ್ತದೆ.

ಇನ್ನು ಹುಲ್ಲನ್ನು ಜೀರ್ಣಿಸುವ ಯಂತ್ರವನ್ನು ನೋಡೋಣ. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಯಾವ ಸ್ತನಿಯ ದೇಹದಲ್ಲಿಯೂ ಉತ್ಪತ್ತಿಯಾಗುವುದಿಲ್ಲ; ಆ ಕೆಲಸಕ್ಕೆ ಸೂಕ್ಷ್ಮಜೀವಿಗಳೇ ಬೇಕು. ಹಸು ಅವನ್ನು ಜಠರಕ್ಕೆ ಮುಂಚೆ, ಮೆಲುಕಿನ ಚೀಲದಲ್ಲಿ ಸಾಕುತ್ತದೆ. ಮೊಲ ಸಣ್ಣಕರುಳಿನ ಆಚೆ, ಸಣ್ಣಕರುಳು ದೊಡ್ಡಕರುಳನ್ನು ಕೂಡುವೆಡೆಯಲ್ಲಿರುವ ಕುರುಡುಕರುಳಿನಲ್ಲಿ ಸಾಕುತ್ತದೆ. ನಮ್ಮ ಹೊಟ್ಟೆಯಲ್ಲಿ ಕುರುಡುಕರುಳು ಕಿರಿದಾದ ಒಂದು ಚೀಲ. ಮೊಲದಲ್ಲಿ ಅನ್ನನಾಳದಿಂದ ಗುದದವರೆಗಿನ ಸಮಸ್ತ ವಸ್ತುವಿನ ಸುಮಾರು ನೂರಕ್ಕೆ ೪೦ ಪಾಲು ಅದೊಂದರಲ್ಲೇ ಇರುತ್ತದೆ. ಅಲ್ಲಿ ಹುದುಗು ನಡೆದು ಅಸಿಟಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳು ಹುಟ್ಟುತ್ತವೆ. ಅವು ರಕ್ತಕ್ಕೆ ಸೇರಿ ಮೊಲಕ್ಕೆ ಶಕ್ತಿಯನ್ನೊದಗಿಸುತ್ತವೆ.

ಈ ಏರ್ಪಾಡಿನಲ್ಲಿ ಒಂದು ಕೊರತೆಯಿದೆ. ಸೂಕ್ಷ್ಮಜೀವಿಗಳು ತಯಾರಿಸುವ ಪ್ರೋಟೀನು, ಬಿ ಗುಂಪಿನ ಜೀವಸತ್ವ ಮೊದಲಾದವು ಹುಟ್ಟುವುದು ಅವನ್ನು ಹೀರಿಕೊಳ್ಳಬೇಕಾದ ಸಣ್ಣಕರುಳನ್ನು ದಾಟಿದ ಮೇಲೆ. ಮೊಲ ಇದಕ್ಕೆ ಕಂಡುಕೊಂಡಿರುವ ಪರಿಹಾರ ವಿಚಿತ್ರವಾದುದು. ಅದರ ದೊಡ್ಡಕರುಳು ಒಂದು ಜರಡಿಯಂತೆ ಕೆಲಸ ಮಾಡುತ್ತದೆ. ದೊಡ್ಡ ನಾರಿನ ಚೂರುಗಳು ನೇರವಾಗಿ ಹೊರಕ್ಕೆ ಸಾಗಿ ಒಣಗಿದ ಗಟ್ಟಿ ಹಿಕ್ಕೆಗಳಾಗುತ್ತವೆ, ಸುಮಾರು ೦.೩ ಮಿಲಿಮೀಟರಿಗಿಂತ ಸಣ್ಣ ಕಣಗಳೂ ದ್ರವವೂ ಕರುಳಿನ ಹಿಮ್ಮುಖ ಚಲನೆಯಿಂದ ಮತ್ತೆ ಕುರುಡುಕರುಳಿಗೆ ತಳ್ಳಲ್ಪಡುತ್ತವೆ. ದಿನದ ಗೊತ್ತಾದ ವೇಳೆಯಲ್ಲಿ ಈ ಜರಡಿ ನಿಂತು, ಕುರುಡುಕರುಳಿನ ವಸ್ತು ಮೃದುವಾದ, ಲೋಳೆಯ ಹೊದಿಕೆಯುಳ್ಳ, ದ್ರಾಕ್ಷಿಗೊಂಚಲಿನಂಥ ಹಿಕ್ಕೆಗಳಾಗಿ ಇಳಿಯುತ್ತದೆ. ಮೊಲ ಅವನ್ನು ನೆಲಕ್ಕೆ ಬೀಳಗೊಡದೆ ಗುದದಿಂದಲೇ ಬಾಯಿಗೆ ತೆಗೆದುಕೊಂಡು, ಅಗಿಯದೆ ನುಂಗುತ್ತದೆ. ಗಟ್ಟಿ ಹಿಕ್ಕೆಯಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನು ಇವುಗಳಲ್ಲಿರುತ್ತದೆ. ಫ್ರಾನ್ಸಿನ ಪಶುವೈದ್ಯ ಷಾರ್ಲ್ ಮೊರೋ ಇದನ್ನು ೧೮೮೨ರಲ್ಲಿಯೇ ವರ್ಣಿಸಿದ್ದನು. ಮರಿಯಲ್ಲಿ ಈ ಅಭ್ಯಾಸ ತೊಡಗುವುದು ಮೂರನೆಯ ಮತ್ತು ನಾಲ್ಕನೆಯ ವಾರಗಳ ನಡುವೆ. ಎಂದರೆ ಗಟ್ಟಿ ಆಹಾರ ಕುರುಡುಕರುಳನ್ನು ತುಂಬತೊಡಗಿದ ಮೇಲೆ.

ಗಮನಿಸತಕ್ಕ ಅಂಶವೆಂದರೆ, ಈ ಯಂತ್ರವನ್ನು ನಡೆಸುವುದು ಜೀರ್ಣವಾಗುವ ನಾರಲ್ಲ, ಜೀರ್ಣವಾಗದ ನಾರು. ದಪ್ಪ ನಾರಿನ ಚೂರುಗಳೇ ಕರುಳನ್ನು ಒತ್ತಿ, ಅದು ಸಂಕೋಚಿಸಿ ಚಲಿಸುವಂತೆ ಮಾಡುತ್ತವೆ. ನಾರು ಕಡಮೆಯಾದರೆ ಕರುಳು ಮಂದವಾಗುತ್ತದೆ. ಕುರುಡುಕರುಳಿನ ವಸ್ತು ನಿಂತಲ್ಲೇ ನಿಂತು ಅನಿಲವನ್ನು ಹುಟ್ಟಿಸುತ್ತದೆ. ಮೊಲಕ್ಕೆ ವಾಂತಿಮಾಡುವ ಶಕ್ತಿಯೂ ಇಲ್ಲ. ಒಳಕ್ಕೆ ಹೋದದ್ದು ಹಿಂದಕ್ಕೆ ಬಾರದು.

ಈಗ ನಮ್ಮ ನುಚ್ಚಕ್ಕಿಯ ಬಳಿಗೆ ಬರೋಣ. ಅಕ್ಕಿ, ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಇರುವುದು ಮುಖ್ಯವಾಗಿ ಪಿಷ್ಟ. ಬೆಳೆದ ಮೊಲದಲ್ಲಿ ಅದರ ಬಹುಭಾಗ ಸಣ್ಣಕರುಳಿನಲ್ಲಿಯೇ ಕರಗಿ ರಕ್ತಕ್ಕೆ ಸೇರುತ್ತದೆ. ನಾಲ್ಕು ವಾರದ ಮರಿಯಲ್ಲಿ ಪಿಷ್ಟವನ್ನು ಒಡೆಯುವ ಮೇದೋಜೀರಕದ ಕಿಣ್ವ ಇನ್ನೂ ಹೆಚ್ಚುತ್ತಿರುವ ಹಂತದಲ್ಲಿರುತ್ತದೆ. ಮಿತಿಮೀರಿ ತಿನ್ನಿಸಿದ ಪಿಷ್ಟ ಹಾಗೆಯೇ ಕುರುಡುಕರುಳಿಗೆ ಇಳಿಯುತ್ತದೆ. ಆಗ ಅಲ್ಲಿ ಹಬ್ಬವಾಗುವುದು ನಾರನ್ನು ತಿನ್ನುವ ಮಿತ್ರರಿಗಲ್ಲ. ಸ್ಪೈರೋಫಾರ್ಮೆ ಎಂದು ಹೆಸರಾದ, ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯ ಇಂಥ ಸಮಯವನ್ನೇ ಕಾದಿರುವಂತೆ ಹೆಚ್ಚಿಕೊಂಡು ವಿಷವನ್ನು ಸುರಿಸುತ್ತದೆ. ಆ ವಿಷ ಕರುಳಿನ ಒಳಪದರದ ಜೀವಕೋಶಗಳನ್ನು ನಾಶಗೊಳಿಸುತ್ತದೆ. ನೀರು ಕರುಳಿಗೆ ಸೋರುತ್ತದೆ, ಭೇದಿಯಾಗುತ್ತದೆ, ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ, ಮರಿ ಸಾಯುತ್ತದೆ. ಬೆಳೆದ ಮೊಲದ ಭರ್ತಿಯಾದ ಕುರುಡುಕರುಳಿನಲ್ಲಿ ಈ ಶತ್ರುವಿಗೆ ಠಾವು ಸುಲಭವಾಗಿ ಸಿಕ್ಕದು. ಆಗತಾನೆ ಜೀವಿಗಳು ನೆಲಸುತ್ತಿರುವ ಮರಿಯಲ್ಲಿ ಸಿಕ್ಕಿಬಿಡುತ್ತದೆ. ಗಜ್ಜರಿಯಲ್ಲಿಯೂ ಬಾಳೆಹಣ್ಣಿನಲ್ಲಿಯೂ ಸಕ್ಕರೆ ಹೇರಳವಾಗಿರುವುದರಿಂದ ಅವೂ ಮರಿಗೆ ತಕ್ಕವಲ್ಲ. ಮೊಲವೆಂದರೆ ಗಜ್ಜರಿ ಎಂಬ ನಂಬಿಕೆ ಚಿತ್ರಕಥೆಗಳಿಂದ ಬಂದದ್ದೇ ಹೊರತು ಮೊಲಗಳಿಂದ ಬಂದುದಲ್ಲ.

ಹಾಗಾದರೆ ಕೊಡತಕ್ಕದ್ದೇನು? ಎಲ್ಲಕ್ಕಿಂತ ಮುಖ್ಯವಾದುದು ಒಳ್ಳೆಯ ಒಣಹುಲ್ಲು. ಹದಿನೈದನೆಯ ದಿನದಿಂದಲೇ ಅದು ಗೂಡಿನ ಬಳಿ ಸದಾ ಇರಬೇಕು. ಮರಿ ತನಗೆ ತೋಚಿದಾಗ ತಾನೇ ಮೆಲ್ಲಲಿ. ಬೂಷ್ಟು ಹಿಡಿದ ಹುಲ್ಲು ಮಾತ್ರ ಸಲ್ಲದು. ಹುಲ್ಲಿನಿಂದ ಹಲ್ಲಿಗೂ ಪ್ರಯೋಜನ: ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು ೨ ಮಿಲಿಮೀಟರಿನಂತೆ ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತದೆ, ಸವೆಯದಿದ್ದರೆ ಬಾಯಿ ಮುಚ್ಚಲಾರದಂತಾಗುತ್ತದೆ. ಕುದುರೆಮಸಾಲೆ ಸೊಪ್ಪನ್ನು ಒಣಗಿಸಿ ಹುಲ್ಲಿನೊಡನೆ ಬೆರಸಿದರೆ ಬೆಳೆಯುವ ಮರಿಗೆ ಪ್ರೋಟೀನೂ ಕ್ಯಾಲ್ಸಿಯಮೂ ದೊರೆಯುತ್ತವೆ. ಬೆಳೆದ ಮೊಲಕ್ಕೆ ಅದನ್ನೇ ಮುಂದುವರಿಸಿದರೆ ಕ್ಯಾಲ್ಸಿಯಮ್ ಹೆಚ್ಚಾಗಿ ಮೂತ್ರಕೋಶದಲ್ಲಿ ಕಷ್ಟವುಂಟಾಗಬಹುದು. ಅಂಗಡಿಯಲ್ಲಿ ದೊರೆಯುವ ಗುಳಿಗೆಯ ಮೇವನ್ನು ಕೊಡುವುದಾದರೆ ತಾಯಿ ತಿನ್ನುತ್ತಿದ್ದುದನ್ನೇ ಕೊಡಬೇಕು, ಅದೂ ಮಿತವಾಗಿ. ಹಾಲು ಬಿಟ್ಟ ಮರಿಗಳಿಗೆ ಹೊಟ್ಟೆ ತುಂಬ ಗುಳಿಗೆ ಹಾಕುವುದರ ಬದಲು ಅದರ ಮುಕ್ಕಾಲು ಪಾಲನ್ನಷ್ಟೇ ಕೊಟ್ಟರೆ ಕರುಳುಬೇನೆಯ ಸಾವುಗಳು ಕಡಮೆಯಾಗುತ್ತವೆಂದು ಫ್ರಾನ್ಸಿನ ಸಾಕಣೆಯ ಪ್ರಯೋಗಗಳಲ್ಲಿ ಕಂಡುಬಂದಿದೆ. ನೀರನ್ನು ಮರೆಯುವವರು ಬಹಳ. ಹಾಲಿನಲ್ಲಿ ನೂರಕ್ಕೆ ಎಪ್ಪತ್ತು ಭಾಗ ನೀರೇ. ಒಣಹುಲ್ಲಿನಲ್ಲಿ ಹತ್ತು ಹನ್ನೆರಡು ಭಾಗವೂ ಕಷ್ಟ. ತಿಂದ ಒಣ ಆಹಾರದ ಸುಮಾರು ಎರಡರಷ್ಟು ನೀರು ಮರಿಗೆ ಬೇಕಾಗುತ್ತದೆ. ನೀರಿನ ಬಟ್ಟಲು ಅದರ ಮೂತಿಗೆ ಎಟುಕದಷ್ಟು ಎತ್ತರದಲ್ಲಿದ್ದರೆ ಮರಿ ತಿನ್ನುವುದನ್ನೂ ನಿಲ್ಲಿಸುತ್ತದೆ.

ಹಸಿರು ಸೊಪ್ಪಿನ ವಿಷಯದಲ್ಲಿ ಸಾಕುವವರಲ್ಲಿ ಭಿನ್ನಾಭಿಪ್ರಾಯವಿದೆ. ಮೂರು ತಿಂಗಳಾಗುವವರೆಗೆ ಹಸಿರನ್ನು ಮುಟ್ಟಿಸಲೇಬಾರದೆಂದು ಹಲವರ ವಾದ. ಆದರೆ ಬಿಲಮೊಲದ ಮರಿ ಮೂರು ವಾರಕ್ಕೆ ಬಿಲದಿಂದ ಹೊರಬಿದ್ದಾಗ ಅದರ ಮುಂದಿರುವುದು ಹಸಿರು ಹುಲ್ಲಲ್ಲದೆ ಮತ್ತೇನು? ದೋಷ ಹಸಿರಿನದಲ್ಲ, ಹಠಾತ್ತಾದ ಬದಲಾವಣೆಯದು ಎಂದು ನಮಗೆ ತೋರುತ್ತದೆ. ತಾಯಿ ದಿನವೂ ಗರಿಕೆಯನ್ನೋ ಹಿಪ್ಪುನೇರಳೆಯ ಎಲೆಯನ್ನೋ ತಿನ್ನುತ್ತಿದ್ದರೆ ಅದರ ಮರಿಗಳೂ ಅವನ್ನು ತಿಂದು ಅರಗಿಸಿಕೊಳ್ಳುತ್ತವೆ. ಬರಿಯ ಗುಳಿಗೆ ತಿಂದ ತಾಯಿಯ ಮರಿಗೆ ಒಮ್ಮೆಗೇ ಬುಟ್ಟಿ ತುಂಬ ಕೋಸಿನ ಎಲೆಯನ್ನು ಹಾಕಿದರೆ ಹೊಟ್ಟೆ ಕೆಡುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲಿಂದಲೋ ಬಂದ ಮರಿಯ ಪೂರ್ವೋತ್ತರ ತಿಳಿಯದಿದ್ದಾಗ, ಎರಡು ತಿಂಗಳು ದಾಟಿದ ಮೇಲೆ, ಒಂದು ಸಲಕ್ಕೆ ಒಂದೇ ಬಗೆಯ ಸೊಪ್ಪನ್ನು, ಒಂದೆರಡು ಎಲೆಗಳಷ್ಟು, ಕೊಟ್ಟು ಮರುದಿನದ ಹಿಕ್ಕೆಯನ್ನು ನೋಡುವುದು ಕ್ಷೇಮ. ಹಿಕ್ಕೆ ದುಂಡಗೆ ಒಣಗಿದ್ದರೆ ಇನ್ನೆರಡು ಎಲೆ ಸೇರಿಸಬಹುದು; ಮೆತ್ತಗಾದರೆ ಸೊಪ್ಪನ್ನು ನಿಲ್ಲಿಸಿ ಒಣಹುಲ್ಲಿಗೇ ಮರಳಬೇಕು.

ಹಿಕ್ಕೆಯ ಮಾತು ಬಂದುದರಿಂದ ಮತ್ತೊಂದು ಅಪಾಯವನ್ನೂ ಹೇಳಬೇಕು. ಹಾಲು ಬಿಡುವ ಮರಿಗಳನ್ನು ಕೊಲ್ಲುವ ಇನ್ನೊಂದು ರೋಗ ಕಾಕ್ಸಿಡಿಯ ಎಂಬ ಏಕಕೋಶಜೀವಿಗಳಿಂದ ಬರುತ್ತದೆ. ಈ ಜೀವಿಗಳು ವಿಜ್ಞಾನದ ಇತಿಹಾಸದಲ್ಲಿ ಬಹು ಹಳಬರು: ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಮೊಲದ ಪಿತ್ತರಸವನ್ನಿಟ್ಟು ಇವುಗಳ ತತ್ತಿಯಂಥ ಕೋಶಗಳನ್ನು ೧೬೭೪ರಲ್ಲಿಯೇ ಕಂಡಿದ್ದನು. ಇವು ಹರಡುವುದು ಹಿಕ್ಕೆಯ ಮೂಲಕವೇ. ತಾಯಿಯ ಹಿಕ್ಕೆ ಮರಿಗೆ ಬೇಕೆಂದು ಮೇಲೆ ಹೇಳಿ ಈಗ ಬೇಡವೆನ್ನುವುದೆಂತು? ಪರಿಹಾರ ಕಾಲದಲ್ಲಿದೆ. ಆಗತಾನೆ ಬಿದ್ದ ಹಿಕ್ಕೆಯಲ್ಲಿರುವ ಕಾಕ್ಸಿಡಿಯ ಕೋಶ ರೋಗ ತರಲಾರದು. ಅದು ತೇವ, ಗಾಳಿಗಳಲ್ಲಿ ಒಂದೆರಡು ದಿನಗಳಾದರೂ ಇದ್ದು ಪಕ್ವವಾಗಬೇಕು. ಆದುದರಿಂದ ಹಾಲೂಡುವ ಮೊದಲ ವಾರಗಳಲ್ಲಿ ಗೂಡಿನೊಳಗಿನ ನಾಲ್ಕಾರು ತಾಜಾ ಹಿಕ್ಕೆಗಳಿಗೆ ಕೈ ಹಚ್ಚಬೇಕಾಗಿಲ್ಲ. ಹೊರಗಿನ ನೆಲವನ್ನು ಮಾತ್ರ ದಿನವೂ ಗುಡಿಸಿ ಒಣಗಿರುವಂತೆ ನೋಡಿಕೊಳ್ಳಬೇಕು.

ಮರಿ ತಿನ್ನುವುದನ್ನು ನಿಲ್ಲಿಸಿ ಅರ್ಧ ದಿನ ಕಳೆದರೆ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಮನೆಯಲ್ಲಿ ಉಳಿದ ಔಷಧಿಯನ್ನು ಕುಡಿಸುವ ಚಪಲ ಬೇಡ. ನಮಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊದಲಾದ ಪೆನಿಸಿಲಿನ್ ಜಾತಿಯ ಔಷಧಿಗಳು ಬಾಯಿಯ ಮೂಲಕ ಹೋದರೆ ಮೊಲದ ಕುರುಡುಕರುಳಿನ ಮಿತ್ರಜೀವಿಗಳನ್ನು ಕೊಂದು, ಮೇಲೆ ಹೇಳಿದ ವಿಷಕಾರಿ ಬ್ಯಾಕ್ಟೀರಿಯಗಳಿಗೆ ಮನೆಯನ್ನು ತೆರವು ಮಾಡಿಕೊಡುತ್ತವೆ.

ತಾಯಿಯಿಂದ ಮರಿಯನ್ನು ಎಂದು ಅಗಲಿಸಬೇಕು? ಮಾಂಸಕ್ಕಾಗಿ ಮೊಲ ಸಾಕುವ ಉದ್ಯಮದಲ್ಲಿ ೨೮ರಿಂದ ೩೫ನೆಯ ದಿನದೊಳಗೆ ಬೇರ್ಪಡಿಸುವುದು ವಾಡಿಕೆ. ಅಲ್ಲಿ ಮೇವು, ಗೂಡು, ಉಷ್ಣತೆ ಎಲ್ಲವೂ ಹದಕ್ಕೆ ಬಂದಿದ್ದರೂ ಸಾವುಗಳು ತಪ್ಪಿಲ್ಲ. ೧೯೯೬-೯೭ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಒಂದು ಕರುಳುಬೇನೆ ಯೂರೋಪಿನ ಸಾಕಣೆದಾರರನ್ನು ಕಂಗೆಡಿಸಿತು. ಮನೆಯಲ್ಲಿ ಸಾಕುವವರಿಗೆ ಅಷ್ಟು ಆತುರವೇನಿದೆ? ಎಂಟು ವಾರಗಳವರೆಗೆ ಮರಿ ತಾಯಿಯ ಬಳಿಯಲ್ಲೇ ಇರಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ತಾಯಿಯ ಮೇವೂ ಹಾಲೂ ತಗ್ಗುವುದರಿಂದ, ಬೇಸಿಗೆಯಲ್ಲಿ ಹುಟ್ಟಿದ ಮರಿಗಳನ್ನು ಇನ್ನೂ ಕೆಲವು ದಿನ ತಡೆದು ಅಗಲಿಸುವುದು ಲೇಸು. ಅಗಲಿಸುವಾಗಲೂ ತಾಯಿಯನ್ನು ಬೇರೆ ಗೂಡಿಗೆ ಸಾಗಿಸಿ, ಮರಿಗಳನ್ನು ಅವು ಹುಟ್ಟಿದ ಗೂಡಿನಲ್ಲಿ, ಒಡಹುಟ್ಟಿದವುಗಳೊಡನೆ, ಅದೇ ಮೇವಿನ ಮೇಲೆ ಒಂದು ವಾರ ಬಿಟ್ಟರೆ ಒಳ್ಳೆಯದು.

ಸಂತೆಯಲ್ಲಿ ಮರಿಯನ್ನು ಕೊಳ್ಳುವವರು ಬಣ್ಣವನ್ನೂ ಕಿವಿಯನ್ನೂ ನೋಡುತ್ತಾರೆ. ಕೇಳಬೇಕಾದುದು ವಯಸ್ಸನ್ನು, ಮತ್ತು ತಾಯಿ ಏನನ್ನು ತಿನ್ನುತ್ತಿತ್ತೆಂಬುದನ್ನು. ಅಂಗೈಯಲ್ಲಿ ಅಡಗುವ ಮರಿ ಇನ್ನೂ ಹಾಲು ಬಿಡದ ಮರಿ. ಅದನ್ನು ತಾಯಿಯ ಬಳಿಯಲ್ಲೇ ಬಿಟ್ಟು, ತಿಂಗಳಾದ ಮೇಲೆ ಬರುವೆವೆಂದು ಹೇಳಿ ಹಿಂದಿರುಗಬೇಕು. ಬೆಳೆದ ಮರಿಯಾದರೆ, ಅದರೊಡನೆ ಅದರ ಹಳೆಯ ಮೇವನ್ನು ಎರಡು ವಾರಕ್ಕಾಗುವಷ್ಟು ಒಂದು ಚೀಲದಲ್ಲಿ ಕಟ್ಟಿಸಿಕೊಳ್ಳಬೇಕು. ಮೊದಲ ವಾರ ಅದನ್ನೇ ಹಾಕಿ, ಎರಡನೆಯ ವಾರ ದಿನಕ್ಕೊಂದು ಹಿಡಿ ಹಳೆಯದನ್ನು ತಗ್ಗಿಸಿ ಹೊಸದನ್ನು ಹೆಚ್ಚಿಸುತ್ತ ಹೋದರೆ, ಚೀಲ ಬರಿದಾಗುವ ಹೊತ್ತಿಗೆ ಮರಿಯ ಕುರುಡುಕರುಳು ಹೊಸ ಮೇವಿಗೆ ಒಗ್ಗಿರುತ್ತದೆ.